ಓದುಗರ ಪ್ರಶ್ನೆ, ಅಂಕಣದ ಉತ್ತರ: ತಕ್‌ಪಟ್ಟಿ, ಬಸ್ ಟಿಕೆಟ್, ಎಣ್ಣೆ ಕಾಗದದ ಕೊಲಾಜ್

ದಾವಣಗೆರೆಯಲ್ಲಿ ಇತ್ತೀಚೆಗೆ ನಡೆದ ಸಮೂಹ ಚಿತ್ರಪ್ರದರ್ಶನದಲ್ಲಿ ಯುವ ಕಲಾವಿದರೊಬ್ಬರ ಕೊಲಾಜ್ ಕೃತಿಯನ್ನು ಕಂಡ ಹಲವರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ತಕ್‌ಪಟ್ಟಿ (ಮಂಡಿಯಲ್ಲಿ ರೈತರಿಗೆ ಬರೆದುಕೊಡುವ ತೂಕ, ದರದ ಲೆಕ್ಕದ ಚೀಟಿ) ಮುಂತಾದ ದಿನಬಳಕೆಯ ಚೀಟಿ, ಕಾಗದ, ನೂಲುಗಳನ್ನು ದಪ್ಪ ಕಾಗದದ ಮೇಲೆ ಅಂಟಿಸಿ ಮಾಡಿದ ಆ ಕೃತಿಯ ಬಗ್ಗೆಯೂ ಅಂಥ ಕೆಲಸದ ಬಗ್ಗೆಯೂ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಂಡಿಯ ತಕ್‌ಪಟ್ಟಿ, ಬಸ್ ಟಿಕೆಟ್, ಮಿರ್ಚಿ ಕಟ್ಟಿಕೊಟ್ಟ ಪತ್ರಿಕೆಯ ಚೂರು, ಒಂದೆಳೆ ನೂಲು, ಇಷ್ಟನ್ನು ಅಂಟಿಸಿ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರು. ನನ್ನ ಮೊಮ್ಮಗಳು ಶಾಲೆಗೆಂದು ಮಾಡುವ ಚಟುವಟಿಕೆಗೂ ಇದಕ್ಕೂ ಏನು ವ್ಯತ್ಯಾಸ? ಕೈಚಳಕವೇ ಕಾಣದ ಇದನ್ನು ಕಲೆಯೆಂದು ಹೇಗೆ ಒಪ್ಪುವುದು?
(ನಿವೃತ್ತ ಅಧ್ಯಾಪಕರು, ದಾವಣಗೆರೆ)

ಉತ್ತರ: ತಮ್ಮ ಪತ್ರದಲ್ಲಿ ಅಸಮಾಧಾನವಿದ್ದರೂ ಪ್ರಶ್ನೆ ಸರಿಯಾದ ಜಾಗವನ್ನೇ ಮುಟ್ಟಿದೆ, ಆದ್ದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಆ ಕೃತಿಯನ್ನು ನಾನೂ ನೋಡಿದ್ದೇನೆ. ಸುಮಾರು 15 ಅಂಗುಲ ಅಗಲ, 22 ಅಂಗುಲ ಎತ್ತರದ ಜಲವರ್ಣ ಕಾಗದದ ಕೆಳಭಾಗದಲ್ಲಿ ಮೆಕ್ಕೆಜೋಳ ಮಾರಿದ ರೈತರೊಬ್ಬರಿಗೆ ಮಂಡಿಯಲ್ಲಿ ಬರೆದುಕೊಟ್ಟ ತಕ್‌ಪಟ್ಟಿಯ ಕಾರ್ಬನ್ ಪ್ರತಿಯಿದೆ. ಹೆಸರಿದ್ದ ಭಾಗವನ್ನು ಕಲಾವಿದರು ಹರಿದು ತೆಗೆದಿದ್ದಾರೆ. ಚೀಲದ ಲೆಕ್ಕ, ತೂಕ, ದರ, ಹಮಾಲಿ ಕಳೆದು ಉಳಿದ ಮೊತ್ತ ಇವು ಮಾತ್ರ ನೇರಳೆ ಅಕ್ಷರಗಳಲ್ಲಿ ಉಳಿದಿವೆ. ಅದರ ಅರ್ಧವನ್ನು ಮುಚ್ಚುವ ಹಾಗೆ, ಮಿರ್ಚಿ ಕಟ್ಟಿದ್ದ ಪತ್ರಿಕೆಯ ತುಂಡನ್ನು ಇಟ್ಟಿದ್ದಾರೆ. ತಾವು ಇನ್ನೊಮ್ಮೆ ಆ ಕೃತಿಯ ಎದುರು ನಿಲ್ಲುವ ಅವಕಾಶ ಸಿಕ್ಕರೆ ಆ ತುಂಡನ್ನೇ ಹತ್ತಿರದಿಂದ ನೋಡಬೇಕೆಂದು ನನ್ನ ಬಿನ್ನಹ. ಕಾಗದದ ನಾರುಗಳ ನಡುವೆ ತುಂಬಿಕೊಂಡಿರುವ ಗಾಳಿಯಿಂದಾಗಿ ಬೆಳಕು ಚದುರಿ ಕಾಗದ ಬೆಳ್ಳಗೆ, ಅಪಾರದರ್ಶಕವಾಗಿ ಕಾಣುತ್ತದೆ; ಆ ಗಾಳಿಯ ಜಾಗವನ್ನು ಎಣ್ಣೆ ತುಂಬಿದಾಗ ಚದುರುವುದು ಕಡಿಮೆಯಾಗಿ ಬೆಳಕು ಒಳಕ್ಕೆ ಇಳಿಯುತ್ತದೆ. ಹಾಗಾಗಿ ಮಿರ್ಚಿಯ ಎಣ್ಣೆ ಹೀರಿದ ದುಂಡನೆಯ ಕಲೆಗಳಲ್ಲೆಲ್ಲ ಪತ್ರಿಕೆಯ ಹಿಂಬದಿಯ ಅಕ್ಷರಗಳು ತಿರುವುಮುರುವಾಗಿ ಕಾಣುತ್ತವೆ, ಅವುಗಳ ಕೆಳಗಿನಿಂದ ತಕ್‌ಪಟ್ಟಿಯ ನೇರಳೆ ಅಂಕಿಗಳೂ ಇಣುಕುತ್ತವೆ. ಎಣ್ಣೆ ತಾಗದ ಕಡೆ ಲೆಕ್ಕ ಮುಚ್ಚಿಹೋಗಿದೆ, ತಾಗಿದ ಕಡೆ ಬಯಲಾಗಿದೆ. ಯಾವ ಕಲೆ ಯಾವ ಅಂಕಿಯ ಮೇಲೆ ಬರಬೇಕೆಂಬುದನ್ನು ಕಲಾವಿದರು ಆಲೋಚಿಸಿಯೇ ಇಟ್ಟಿದ್ದಾರೆ ಎಂಬುದಕ್ಕೆ, ಉಳಿದ ಮೊತ್ತದ ಅಂಕಿ ಅತಿ ದೊಡ್ಡ ಕಲೆಯ ನಡುಮಧ್ಯದಲ್ಲಿ ಕೂತಿರುವುದೇ ಸಾಕ್ಷಿ.

ಈಗ ಮೊಮ್ಮಗಳ ಚಟುವಟಿಕೆಗೆ ಬರೋಣ. ಶಾಲೆಗಳಲ್ಲಿ ಸಾಮಾನ್ಯವಾಗಿ ನವಿಲಿನ ರೇಖಾಚಿತ್ರವೊಂದನ್ನು ಕೊಟ್ಟು ಅದರೊಳಗೆ ಹೆಸರುಕಾಳು, ತೊಗರಿಬೇಳೆ, ರಾಗಿ ಅಂಟಿಸಲು ಹೇಳುತ್ತಾರೆ. ಅಲ್ಲಿ ಬೇಳೆ ತನ್ನ ಬೇಳೆತನವನ್ನು ಬಿಟ್ಟು ಗರಿಯಾಗಬೇಕು. ಎಷ್ಟರಮಟ್ಟಿಗೆ ಅದು ಬೇಳೆಯೆಂಬುದು ಮರೆತುಹೋಗುತ್ತದೋ ಅಷ್ಟರಮಟ್ಟಿಗೆ ಕೆಲಸ ಚೆನ್ನಾಗಿದೆ ಎನ್ನುತ್ತೇವೆ. ಮಗುವಿನ ಬೆರಳಿಗೆ ಅದು ಒಳ್ಳೆಯ ಅಭ್ಯಾಸ, ಅದರ ಬಗ್ಗೆ ತಕರಾರಿಲ್ಲ. ಕೊಲಾಜ್‌ನಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಸಂಗತಿ. ತಕ್‌ಪಟ್ಟಿ ಅಲ್ಲಿ ಹೊಲವೂ ಆಗಿಲ್ಲ, ಮನೆಯೂ ಆಗಿಲ್ಲ. ತಕ್‌ಪಟ್ಟಿಯಾಗಿಯೇ ಇದ್ದುಕೊಂಡು, ತನ್ನ ಪಕ್ಕದಲ್ಲಿ ಬಂದು ಕೂತ ಇನ್ನೊಂದು ವಸ್ತುವಿನಿಂದಾಗಿ ಬೇರೊಂದು ಅರ್ಥವನ್ನು ಪಡೆದಿದೆ. ವಸ್ತು ತನ್ನ ಹಳೆಯ ಬದುಕನ್ನು ಜೊತೆಗೇ ಹೊತ್ತು ತರುತ್ತದೆ ಎಂಬುದೇ ಈ ಮಾಧ್ಯಮದ ಬಲ, ಅದರ ಕಷ್ಟವೂ ಅದೇ. ಬಣ್ಣದ ಟ್ಯೂಬಿನಿಂದ ಹೊರಬಂದ ನೀಲಿಗೆ ಹಿಂದುಮುಂದಿಲ್ಲ. ಮಂಡಿಯ ಚೀಟಿಗೆ ಇದೆ.

ಇದು ಇಂದಿನ ಹುಡುಗರ ಹುಡುಗಾಟ ಎಂದು ತಾವು ಭಾವಿಸಬಾರದೆಂದು ಸ್ವಲ್ಪ ಹಿಂದಿನ ಸಂಗತಿ ಹೇಳುತ್ತೇನೆ. 1912ರ ವಸಂತದಲ್ಲಿ ಪ್ಯಾಬ್ಲೊ ಪಿಕಾಸೊ ಒಂದು ಅಂಡಾಕಾರದ ಸ್ಥಿರಚಿತ್ರದಲ್ಲಿ, ಬೆತ್ತದ ಹೆಣಿಗೆಯನ್ನು ಅಚ್ಚುಹಾಕಿದ ಮೇಣದ ಬಟ್ಟೆಯ ತುಂಡನ್ನು ಅಂಟಿಸಿ, ಸುತ್ತ ಚೌಕಟ್ಟಿನ ಬದಲು ಹಗ್ಗವನ್ನೇ ಸುತ್ತಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರ ಗೆಳೆಯ ಜಾರ್ಜ್ ಬ್ರಾಕ್, ದಕ್ಷಿಣ ಫ್ರಾನ್ಸಿನ ಅವಿನ್ಯೋನ್‌ನ ಅಂಗಡಿಯೊಂದರಲ್ಲಿ ಮರದ ಗೆರೆಗಳನ್ನು ಮುದ್ರಿಸಿದ ಗೋಡೆಕಾಗದವನ್ನು ಕಂಡು, ಅದನ್ನು ಕೊಂಡು ತಂದು, ಕತ್ತರಿಸಿ ಕಾಗದದ ಮೇಲೆ ಅಂಟಿಸಿ, ಅದರ ಸುತ್ತ ಇದ್ದಿಲಿನಿಂದ ಹಣ್ಣಿನ ತಟ್ಟೆಯನ್ನೂ ಲೋಟವನ್ನೂ ಬರೆದರು. ಕಾಗದದ ಮೇಲೆ ಕಾಗದ ಅಂಟಿಸಿದ ಆಧುನಿಕ ಕೃತಿಗಳ ಸಾಲು ಅಲ್ಲಿಂದ ಮೊದಲಾಗುತ್ತದೆ. ಇಲ್ಲಿ ಒಂದು ವಿಶೇಷವಿದೆ. ಬ್ರಾಕ್ ಅವರದು ಮನೆಗಳಿಗೆ ಬಣ್ಣ ಬಳಿಯುವವರ ಕುಟುಂಬ. ಬಾಚಣಿಗೆಯಂಥ ಸಾಧನವನ್ನು ಹಸಿ ಬಣ್ಣದ ಮೇಲೆ ಎಳೆದು ಹಲಗೆಯ ಗೆರೆಗಳನ್ನು ಹುಬೇಹೂಬಾಗಿ ಮೂಡಿಸುವ ವಿದ್ಯೆಯನ್ನು ಅವರು ಕ್ರಮವಾಗಿ ಕಲಿತಿದ್ದರು. ಆ ಗೆರೆಗಳನ್ನು ಸ್ವತಃ ಬರೆಯಬಲ್ಲವರು, ಬರೆಯದೆ, ಕಾರ್ಖಾನೆಯಲ್ಲಿ ಅಚ್ಚಾದದ್ದನ್ನು ತಂದು ಅಂಟಿಸಿದರು. ಕೈಚಳಕ ಇಲ್ಲದಿದ್ದುದರಿಂದ ಹುಟ್ಟಿದ ಕಲೆಯಲ್ಲ ಇದು, ಕೈಚಳಕವನ್ನು ಬೇಕೆಂದೇ ಪಕ್ಕಕ್ಕಿಟ್ಟವರು ಕಂಡುಕೊಂಡದ್ದು.

ಹಾಗೆಂದ ಮಾತ್ರಕ್ಕೆ ಅಂಟಿಸಿದ್ದೆಲ್ಲವೂ ಕಲೆಯಾಗುವುದಿಲ್ಲ. ದಾವಣಗೆರೆಯ ಆ ಕೃತಿಯಲ್ಲಿಯೇ ಬಲಭಾಗದ ಬಸ್ ಟಿಕೆಟ್‌ಗಳ ಸಾಲು ನನಗೆ ಹಿಡಿಸಲಿಲ್ಲ. ಅವು ಒಂದರ ಕೆಳಗೊಂದು ಸಮನಾಗಿ ನಿಂತು ಬರಿಯ ಅಂಚಿನ ಅಲಂಕಾರವಾಗಿವೆ. ಅವನ್ನು ತೆಗೆದರೂ ಕೃತಿಗೆ ಯಾವ ನಷ್ಟವೂ ಆಗದು. ಅಡ್ಡಲಾಗಿ ಎಳೆದಿರುವ ಹತ್ತಿಯ ನೂಲು ಹಾಗಲ್ಲ. ಗಿರಣಿಗಳಿಂದ ಹೆಸರು ಮಾಡಿದ ಊರಿನಲ್ಲಿ ಕೂತು ಕೆಲಸ ಮಾಡುವವರು ನೂಲನ್ನು ಎಲ್ಲಿ ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಬಲ್ಲರು. ಅದು ತಕ್‌ಪಟ್ಟಿಯ ಮೇಲೆ ಹಾದುಹೋಗುವಲ್ಲಿ ಮಾತ್ರ ಸಡಿಲವಾಗಿ ಜೋತುಬಿದ್ದಿದೆ. ಇಂಥ ಭೇದಗಳನ್ನು ಗುರುತಿಸುತ್ತ ಹೋದರೆ, ಒಪ್ಪುವುದೂ ಒಪ್ಪದಿರುವುದೂ ತಮಗೇ ಸುಲಭವಾದೀತು.

ಪ್ರಶ್ನೆ: ಪತ್ರಿಕೆಯ ಚೂರು ಮತ್ತು ಬಸ್ ಟಿಕೆಟ್ ಬಳಸಿ ನಾನು ಮಾಡಿದ ಕೊಲಾಜ್‌ನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪತ್ರಿಕೆ ಹಳದಿಯಾಗಿದೆ, ಟಿಕೆಟ್ ಮೇಲಿನ ಬರಹ ಅಳಿಸಿಹೋಗಿದೆ. ಕೃತಿ ಉಳಿಯಬೇಕಾದರೆ ಏನು ಮಾಡಬೇಕು?
(ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಎರಡಕ್ಕೂ ಕಾರಣಗಳು ಬೇರೆಬೇರೆ. ಪತ್ರಿಕೆಯ ಅಗ್ಗದ ಕಾಗದವನ್ನು ಬಹುಪಾಲು ಮರವನ್ನು ಯಂತ್ರದಲ್ಲಿ ಅರೆದು ಮಾಡುವುದರಿಂದ ಮರದ ಲಿಗ್ನಿನ್ ಎಂಬ ಅಂಶ ಅದರಲ್ಲಿಯೇ ಉಳಿದಿರುತ್ತದೆ. ಬೆಳಕೂ ಗಾಳಿಯೂ ತಾಗಿದಂತೆ ಲಿಗ್ನಿನ್ ಹಳದಿಯಿಂದ ಕಂದಿಗೆ ತಿರುಗುತ್ತದೆ, ಕಾಗದದಲ್ಲಿ ಆಮ್ಲ ಹೆಚ್ಚಿ ಕಡೆಗೆ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಪಿಕಾಸೊ 1912ರ ಕೊನೆಯಲ್ಲಿ ಬಾಟಲಿಯೊಂದರ ಸುತ್ತ ಬಾಲ್ಕನ್ ಯುದ್ಧದ ಸುದ್ದಿಯಿದ್ದ ಪತ್ರಿಕೆಗಳನ್ನು ಅಂಟಿಸಿ ಮಾಡಿದ ಕೃತಿಯಲ್ಲಿಯೂ ಪತ್ರಿಕೆಯ ಭಾಗ ಈಗ ಕಂದುಬಣ್ಣಕ್ಕೆ ತಿರುಗಿದೆ; ನಾವು ಇಂದು ನೋಡುವ ಬಣ್ಣಗಳ ಹೊಂದಾಣಿಕೆ ಅವರು ಅಂದು ಅಂಟಿಸಿದಾಗ ಇದ್ದದ್ದಲ್ಲ. ಹತ್ತಿಯಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ತಳಕ್ಕೆ ಹತ್ತಿಯ ಜಲವರ್ಣ ಕಾಗದವನ್ನೋ ಖಾದಿ ಕೇಂದ್ರಗಳಲ್ಲಿ ಸಿಗುವ ಕೈಕಾಗದವನ್ನೋ ಬಳಸಿದರೆ, ಮೇಲಿನ ಪತ್ರಿಕೆ ಹಣ್ಣಾದರೂ ಕೃತಿಯ ನೆಲ ಗಟ್ಟಿಯಾಗಿ ಉಳಿಯುತ್ತದೆ.

ಟಿಕೆಟ್‌ನ ಕಥೆ ಬೇರೆ. ಈಗ ನಿರ್ವಾಹಕರ ಕೈಯಲ್ಲಿರುವ ಯಂತ್ರ ಶಾಯಿಯಿಂದ ಮುದ್ರಿಸುವುದಿಲ್ಲ. ಕಾಗದದ ಮೇಲೆ ಮೊದಲೇ ಬಳಿದಿರುವ ರಾಸಾಯನಿಕ ಲೇಪ ಶಾಖ ತಾಗಿದ ಜಾಗದಲ್ಲಿ ಕಪ್ಪಾಗುತ್ತದೆ, ಅಷ್ಟೆ. ಬೆಳಕು, ಎಣ್ಣೆ, ಕೆಲವು ಅಂಟುಗಳು, ಮೆದು ಪ್ಲಾಸ್ಟಿಕ್ ಹಾಳೆ ಇವುಗಳಲ್ಲಿ ಯಾವುದು ತಾಗಿದರೂ ಆ ಬರಹ ಮಾಸುತ್ತದೆ. ಬಿಸಿ ಹೆಚ್ಚಾದರೆ ಇಡೀ ಟಿಕೆಟ್ ಕಪ್ಪಗಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿದೀತೆಂದು ಹಲವರು ತಿಳಿಯುತ್ತಾರೆ. ಬಿಸಿ ಉರುಳೆಗಳ ನಡುವೆ ಹಾದುಬಂದ ಮೇಲೆ ಅದು ಕರಿಯ ಪಟ್ಟಿಯಾಗಿರುತ್ತದೆ. ಹಿಂದೆ ನಿರ್ವಾಹಕರು ಕಟ್ಟಿನಿಂದ ಹರಿದು, ತೂತು ಹೊಡೆದು ಕೊಡುತ್ತಿದ್ದ ಬಣ್ಣಬಣ್ಣದ ಟಿಕೆಟ್‌ಗಳು ಅಚ್ಚಿನ ಶಾಯಿಯವು. ಅವು ಮನೆಯ ಹಳೆಯ ಪುಸ್ತಕಗಳ ನಡುವೆ ಸಿಕ್ಕರೆ ಧೈರ್ಯವಾಗಿ ಬಳಸಬಹುದು. ಜರ್ಮನಿಯ ಹ್ಯಾನೋವರ್ ನಗರದ ಕರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಮರುವರ್ಷದಿಂದ ಟ್ರಾಮ್ ಟಿಕೆಟ್, ಸಾಮಾನಿನ ಚೀಟಿ, ಲಕೋಟೆಯ ತುಂಡುಗಳನ್ನು ಸೇರಿಸಿ ಮಾಡಿದ ಅಂಗೈಯಗಲದ ಕೊಲಾಜ್‌ಗಳಲ್ಲಿ ನೂರು ವರ್ಷದ ಮೇಲೂ ಟಿಕೆಟ್‌ನ ಅಂಕಿಗಳನ್ನು ಓದಬಹುದಾಗಿದೆ. ಅದಕ್ಕೆ ಅವರ ಜಾಗರೂಕತೆಗಿಂತ ಆ ಕಾಲದ ಶಾಯಿಯೇ ಹೆಚ್ಚಿನ ಕಾರಣವಿರಬೇಕು. ಯಾಕೆಂದರೆ, ಹಿಟ್ಲರ್ ಆಳ್ವಿಕೆಯಿಂದ ತಪ್ಪಿಸಿಕೊಂಡು 1940ರಲ್ಲಿ ಬ್ರಿಟನ್ ಸೇರಿದಾಗ ಶತ್ರುದೇಶದವರೆಂದು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇಟ್ಟಿದ್ದರು. ಅಲ್ಲಿ ಬೇರೇನೂ ಸಿಗದೆ ಬೆಳಗಿನ ಉಪಾಹಾರದ ಓಟ್ಸ್ ಗಂಜಿಯಿಂದಲೇ ಶಿಲ್ಪಗಳನ್ನು ಮಾಡಿದರು, ಅವು ಬೂಷ್ಟು ಹಿಡಿದು ಕೊಳೆತವು.

ತಾವು ಮಾಡಬಹುದಾದದ್ದು ಇಷ್ಟು. ಟಿಕೆಟನ್ನು ಸ್ಕ್ಯಾನ್ ಮಾಡಿಸಿ ಒಳ್ಳೆಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿ ಬಳಸಿದರೆ ಬರಹ ಉಳಿಯುತ್ತದೆ, ಆದರೆ ತಮ್ಮ ಜೇಬಿನಲ್ಲಿ ಮಡಚಿಕೊಂಡು ಬಂದ ಆ ಟಿಕೆಟ್ ಅಲ್ಲಿ ಇರುವುದಿಲ್ಲ. ನನ್ನನ್ನು ಕೇಳಿದರೆ, ಮೂಲವನ್ನೇ ಅಂಟಿಸಿ, ಅದು ಮಾಸುತ್ತದೆಂದು ತಿಳಿದೇ ಅಂಟಿಸಿದೆನೆಂದು ಕೃತಿಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುವುದು ಮೇಲು. ಅಂಟಿಸುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ತಕ್‌ಪಟ್ಟಿ ಬಳಸುವವರಿಗೂ ಇಲ್ಲಿಯೇ ಒಂದು ಮಾತು: ನೇರಳೆ ಕಾರ್ಬನ್‌ನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಕಪ್ಪು ಕಾರ್ಬನ್ ಮಸಿಯಿಂದ ಆಗಿರುವುದರಿಂದ ಬಹುಕಾಲ ಬಾಳುತ್ತದೆ. ಎಣ್ಣೆ ಹಿಡಿದ ಕಾಗದವಂತೂ ವರ್ಷಗಳು ಕಳೆದಂತೆ ಕಂದಿ, ಕಮಟು ಹಿಡಿದು, ಜಿರಳೆಯನ್ನೂ ಕರೆಯುತ್ತದೆ. ಮೇಲೆ ಹೇಳಿದ ಕೃತಿಯ ಬಗ್ಗೆ ನನಗಿರುವ ಆತಂಕವೂ ಅದೇ. ಅದನ್ನು ಕೊಳ್ಳುವವರಿಗೆ ಕಲಾವಿದರು ಈ ಮಾತನ್ನು ಮೊದಲೇ ತಿಳಿಸುವುದು ಧರ್ಮ.

ಪ್ರಶ್ನೆ: ಯಾವ ಅಂಟು ಒಳ್ಳೆಯದು? ಅಂಟಿಸಿ ಒಣಗಿದ ಮೇಲೆ ಕಾಗದ ದೋಣಿಯ ಹಾಗೆ ಬಾಗುತ್ತದೆ, ಇದಕ್ಕೆ ಪರಿಹಾರವೇನು?
(ಚಿತ್ರಕಲಾ ಶಿಕ್ಷಕರು, ಚಳ್ಳಕೆರೆ)

ಉತ್ತರ: ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ, ನಾವೆಲ್ಲ ಫೆವಿಕಾಲ್ ಎಂದೇ ಕರೆಯುವ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪದಾರ್ಥದ್ದು. ಅದರ ಹಿಡಿತದ ಬಗ್ಗೆ ಅನುಮಾನವಿಲ್ಲ. ಆದರೆ ಒಮ್ಮೆ ಒಣಗಿದರೆ ಕಾಗದವನ್ನು ಕೆಡಿಸದೆ ಬಿಡಿಸಲಾಗದು. ಮುಂದೆ ಯಾರಾದರೂ ಕೃತಿಯನ್ನು ದುರಸ್ತಿ ಮಾಡಬೇಕೆಂದರೆ ದಾರಿಯೇ ಇರುವುದಿಲ್ಲ. ಬಟ್ಟೆ, ದಾರ, ರಟ್ಟು ಮುಂತಾದ ಭಾರದ ವಸ್ತುಗಳಿಗೆ ಮಾತ್ರ ಅದನ್ನು ಇಟ್ಟುಕೊಂಡು, ಕಾಗದಕ್ಕೆ ಕಾಗದ ಹಚ್ಚುವಲ್ಲಿ ಗಂಜಿಯ ಅಂಟನ್ನೇ ಬಳಸಬಹುದು. ವಸ್ತುಸಂಗ್ರಹಾಲಯಗಳ ಕಾಗದ ಸಂರಕ್ಷಕರು ಇಂದಿಗೂ ಬಳಸುವುದು ಗೋಧಿಯ ಪಿಷ್ಟದಿಂದ ಕಾಯಿಸಿದ ಅಂಟನ್ನೇ, ಏಕೆಂದರೆ ಒದ್ದೆ ಮಾಡಿದರೆ ಅದು ಬಿಡುತ್ತದೆ. ನಮ್ಮ ಮನೆಗಳಲ್ಲಿ ಮೈದಾ ಕಾಯಿಸುತ್ತೇವೆ. ಮೈದಾದಲ್ಲಿ ಪಿಷ್ಟದ ಜೊತೆಗೆ ಪ್ರೋಟೀನೂ ಇರುವುದರಿಂದ ಹುಳುಗಳಿಗೆ ಅದು ಇನ್ನಷ್ಟು ರುಚಿ. ಮೆಕ್ಕೆಜೋಳದಿಂದ ತಯಾರಾಗುವ ಕಾರ್ನ್‌ಫ್ಲೋರ್ ಹೆಚ್ಚುಕಡಿಮೆ ಶುದ್ಧ ಪಿಷ್ಟ. ಹಿಡಿತ ಸ್ವಲ್ಪ ಕಡಿಮೆಯಾದರೂ ತೆಳು ಕಾಗದಕ್ಕೆ ಧಾರಾಳ ಸಾಕು. ಒಂದು ಅಳತೆ ಹಿಟ್ಟಿಗೆ ನಾಲ್ಕೈದು ಅಳತೆ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಪಾರದರ್ಶಕವಾದ ಮೇಲೆ ಇಳಿಸಿ, ಆರಿದ ನಂತರ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಆ ದಿನದ ಅಂಟನ್ನು ಆ ದಿನವೇ ಮುಗಿಸಬೇಕು.

ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ತಾವು ಶಾಲೆಯಲ್ಲಿ ಮಕ್ಕಳಿಂದ ಕೆಲಸ ಮಾಡಿಸುವವರು, ಖಂಡಿತ ಸೇರಿಸಬೇಡಿ. ಅದು ವಿಷ. ಜೊತೆಗೆ ತಾಮ್ರದ ಅಂಶ ಕಾಗದದ ಸವೆತವನ್ನು ಇನ್ನೂ ಬೇಗ ಮಾಡುತ್ತದೆ.

ಬಾಗುವುದಕ್ಕೆ ಕಾರಣ ಕಾಗದದ ನಾರಿನ ದಿಕ್ಕು. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದಾಗ ಪ್ರತಿ ನಾರೂ ಉದ್ದಕ್ಕಿಂತ ದಪ್ಪಕ್ಕೆ ಹೆಚ್ಚು ಉಬ್ಬುವುದರಿಂದ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಅಂಟಿಕೊಂಡದ್ದು ಒಣಗುವಾಗ ಕುಗ್ಗಿ ತಳದ ಕಾಗದವನ್ನು ತನ್ನ ಕಡೆಗೆ ಎಳೆಯುತ್ತದೆ. ನಾರಿನ ದಿಕ್ಕನ್ನು ತಿಳಿಯಲು ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಹರಿದಾಗಲೂ ಆ ದಿಕ್ಕಿನಲ್ಲಿ ನೆಟ್ಟಗೆ ಹರಿಯುತ್ತದೆ. ದೊಡ್ಡ ತುಂಡುಗಳನ್ನು ತಳದ ಕಾಗದದ ದಿಕ್ಕಿಗೇ ಹೊಂದಿಸಿ ಅಂಟಿಸಿ, ತಳದ ಹಿಂಬದಿಗೂ ಅದೇ ದಿಕ್ಕಿನ ಒಂದು ತೆಳು ಕಾಗದವನ್ನು ಅದೇ ಅಂಟಿನಿಂದ ಹಚ್ಚಿ, ಎರಡೂ ಕಡೆ ಹೀರುಕಾಗದವಿಟ್ಟು ಹಲಗೆಯ ಕೆಳಗೆ ಒಂದು ರಾತ್ರಿ ಭಾರ ಹೇರಿದರೆ ಎಳೆತ ಎರಡೂ ಬದಿಗೆ ಸಮವಾಗುತ್ತದೆ. ತಮ್ಮ ಕಡೆಯ ಒಣಹವೆಯಲ್ಲಿ ಫ್ಯಾನ್ ಹಾಕಿ ಬೇಗ ಒಣಗಿಸುವ ಆತುರ ಬೇಡ. ಬಾಗುವುದು ಹೆಚ್ಚುವುದೇ ಅದರಿಂದ. ತಳದ ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ದಪ್ಪ ಕಾಗದವಾಗಿದ್ದರೆ ಅರ್ಧ ತೊಂದರೆ ಮೊದಲೇ ತಪ್ಪುತ್ತದೆ.

ಶಾಂಪೂ ಚೀಟು, ಗುಟ್ಕಾ ಪೊಟ್ಟಣಗಳನ್ನು ಅಂಟಿಸುವ ಬಗ್ಗೆಯೂ ತಾವು ಕೇಳಿದ್ದೀರಿ. ಅವು ನೀರು ಹೀರದ ಪ್ಲಾಸ್ಟಿಕ್ ಪದರದವಾದ್ದರಿಂದ ಯಾವ ಗಂಜಿಯೂ ಹಿಡಿಯದು, ನೂಲಿನಿಂದ ಹೊಲಿದುಬಿಡಿ.

ಪ್ರಶ್ನೆ: ನಾನು ದೃಶ್ಯಕಲೆಯ ವಿದ್ಯಾರ್ಥಿ. ಕೊಲಾಜ್ ಮಾಡಲು ಕೂತಾಗ ಎಲ್ಲವನ್ನೂ ಅಂಟಿಸುವ ಆಸೆಯಾಗಿ ಕೊನೆಗೆ ಕಸದ ಬುಟ್ಟಿಯೇ ಆಗುತ್ತದೆ. ಮೊದಲು ರೇಖಾಚಿತ್ರ ಹಾಕಿಕೊಳ್ಳಬೇಕೆ? ಎಲ್ಲಿಂದ ಆರಂಭಿಸಬೇಕು?
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ರೇಖಾಚಿತ್ರ ಹಾಕಿಕೊಂಡರೆ ಮತ್ತೆ ನವಿಲಿನೊಳಗೆ ಬೇಳೆ ತುಂಬುವ ಕೆಲಸವೇ ಆದೀತು. ಅದರ ಬದಲು ಸಾಮಗ್ರಿಗೆ ಒಂದು ಮಿತಿ ಹಾಕಿಕೊಳ್ಳಿ. ಒಂದೇ ಬೀದಿಯಲ್ಲಿ ಸಿಕ್ಕ ಕಾಗದ ಮಾತ್ರ, ಅಥವಾ ಒಂದೇ ಅಂಗಡಿಯ ಚೀಟಿಗಳು ಮಾತ್ರ ಎಂದುಕೊಂಡರೆ ಆಯ್ಕೆ ತಾನಾಗಿಯೇ ಬಿಗಿಯಾಗುತ್ತದೆ. ಆಮೇಲೆ ಬಣ್ಣವನ್ನು ಮರೆತು, ಕೂಡಿಸಿದ ಚೂರುಗಳನ್ನು ಕಪ್ಪಿನಿಂದ ಬಿಳಿಯವರೆಗೆ ಸಾಲಾಗಿ ಜೋಡಿಸಿ ನೋಡಿ. ಹಳೆಯ ಪತ್ರಿಕೆಯ ದಟ್ಟ ಅಕ್ಷರಗಳ ಅಂಕಣ ದೂರದಿಂದ ಬೂದುಬಣ್ಣವಾಗಿ ಕಾಣುತ್ತದೆ, ಅದರ ತಲೆಬರಹ ಕಪ್ಪಾಗಿಯೇ ಉಳಿಯುತ್ತದೆ ಎಂಬಂಥ ಸಂಗತಿಗಳು ಆಗ ಗೊತ್ತಾಗುತ್ತವೆ.

ಕತ್ತರಿಸಿದ ಅಂಚಿಗೂ ಹರಿದ ಅಂಚಿಗೂ ಇರುವ ಭೇದವನ್ನು ಕೈಗೆ ಕಲಿಸಬೇಕು. ಮದುವೆಯ ಕರೆಯೋಲೆಯಂಥ ಬಣ್ಣದ ಮೈಯ ದಪ್ಪ ಕಾಗದವನ್ನು ಬಣ್ಣದ ಮುಖ ಮೇಲಾಗಿ ಹಿಡಿದು, ಬಲಗೈಯ ಭಾಗವನ್ನು ನಿಮ್ಮ ಕಡೆಗೆ ಎಳೆದು ಹರಿದು ನೋಡಿ. ಎರಡು ತುಂಡುಗಳಲ್ಲಿ ಒಂದರ ಅಂಚಿನಲ್ಲಿ ಒಳಗಿನ ಬಿಳಿಯ ತಿರುಳು ಅಗಲವಾಗಿ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಬಣ್ಣ ಅಂಚಿನವರೆಗೂ ಇರುತ್ತದೆ. ಆ ಬಿಳಿಯ ಅಂಚು ಪುಕ್ಕಟೆಯಾಗಿ ಸಿಕ್ಕ ರೇಖೆ. ಯಾವ ತುಂಡನ್ನು ಮೇಲಿಡಬೇಕು, ಬಿಳಿ ಅಂಚು ಎಡಕ್ಕೆ ಬರಬೇಕೋ ಬಲಕ್ಕೋ ಎಂಬುದು ರೇಖಾಚಿತ್ರಕಾರರ ಗೆರೆಯಷ್ಟೇ ಗಂಭೀರವಾದ ನಿರ್ಧಾರ.

ಅಂಟಿನ ಡಬ್ಬಿಯನ್ನು ಬಹಳ ಹೊತ್ತು ಮುಚ್ಚಿಯೇ ಇಡಿ. ಫ್ರಾನ್ಸಿನ ಚಿತ್ರಕಾರ ಆನ್ರಿ ಮತೀಸ್ ತಮ್ಮ ಕೊನೆಯ ವರ್ಷಗಳಲ್ಲಿ, ಸಹಾಯಕರು ಬಣ್ಣ ಬಳಿದಿಟ್ಟ ಕಾಗದಗಳನ್ನು ಕತ್ತರಿಸಿ ಮಾಡಿದ ದೊಡ್ಡ ಕೃತಿಗಳಲ್ಲಿ ತುಂಡುಗಳನ್ನು ಮೊದಲು ಗೋಡೆಗೆ ಪಿನ್ನಿನಿಂದ ಚುಚ್ಚಿಸುತ್ತಿದ್ದರು. ಸರಿಸಿ, ತೆಗೆದು, ಮತ್ತೆ ಚುಚ್ಚಿಸಿ, ಮನಸ್ಸು ಒಪ್ಪಿದ ಮೇಲಷ್ಟೇ ಅಂಟು. ಅವರ ಕೃತಿಗಳಲ್ಲಿ ಪಿನ್ನಿನ ಸಣ್ಣ ರಂಧ್ರಗಳು ಇಂದಿಗೂ ಇವೆ.

ನೀವು ತಪ್ಪದೆ ನೋಡಬೇಕಾದವರು ಶಾಂತಿನಿಕೇತನದ ವಿನೋದ ಬಿಹಾರಿ ಮುಖರ್ಜಿ. 1904ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಿಂದಲೇ ದೃಷ್ಟಿ ಮಂದವಾಗಿತ್ತು. 1950ರ ದಶಕದಲ್ಲಿ, ಅದಾಗಲೇ ಶಾಂತಿನಿಕೇತನದ ಹಿಂದಿ ಭವನದಲ್ಲಿ ಮಧ್ಯಯುಗದ ಸಂತರ ಬೃಹತ್ ಭಿತ್ತಿಚಿತ್ರವನ್ನು ಮುಗಿಸಿದ್ದ ಮೇಲೆ, ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ಪೂರ್ತಿ ಕುರುಡರಾದರು. ಆಮೇಲೆ ಅವರು ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಲು ತೊಡಗಿದರು. ಕುಂಚದ ಗೆರೆ ಬೆರಳಿಗೆ ಸಿಗದು, ಕತ್ತರಿಸಿದ ಕಾಗದದ ಅಂಚು ಸಿಗುತ್ತದೆ. ಆ ಕೊಲಾಜ್‌ಗಳಲ್ಲಿ ಒಂದು ಆಕಾರವೂ ಹೆಚ್ಚಿನದಿಲ್ಲ. ಕೂತ ಹೆಂಗಸು ಎರಡು ಮೂರು ಬಣ್ಣಗಳಲ್ಲಿ ಮುಗಿಯುತ್ತಾಳೆ. ಎಲ್ಲವನ್ನೂ ಅಂಟಿಸುವ ಆಸೆಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿದಿಲ್ಲ. ಸತ್ಯಜಿತ್ ರಾಯ್ ಅವರು ಶಾಂತಿನಿಕೇತನದಲ್ಲಿ ಇವರ ಶಿಷ್ಯರಾಗಿದ್ದವರು. 1972ರಲ್ಲಿ ಗುರುವಿನ ಬಗ್ಗೆ ಕಿರುಚಿತ್ರವೊಂದನ್ನು ಮಾಡಿದ್ದಾರೆ.

ಪ್ರಶ್ನೆ: ನಮ್ಮ ಅಜ್ಜಿ ಹೊಲಿಯುತ್ತಿದ್ದ ಕೌದಿಯೂ ಒಂದು ಬಗೆಯ ಕೊಲಾಜ್ ಅಲ್ಲವೆ? ಹಳೆಯ ಸೀರೆ, ಅಂಗಿಗಳ ತುಂಡುಗಳೇ ಅದರಲ್ಲೂ ಇರುತ್ತವೆ.
(ಗೃಹಿಣಿ, ಹೊಸದುರ್ಗ)

ಉತ್ತರ: ಹತ್ತಿರದ ನಂಟು ಖಂಡಿತ ಇದೆ. ಯಾವ ತುಂಡು ಯಾರ ಸೀರೆಯದೆಂದು ಮನೆಮಂದಿಗೆಲ್ಲ ತಿಳಿದಿರುತ್ತದೆ, ಆ ತಿಳಿವು ಕೌದಿಯ ಬೆಲೆಯ ಭಾಗವೇ ಆಗಿರುತ್ತದೆ. ಆದರೂ ಎರಡನ್ನೂ ಒಂದೇ ಎನ್ನಲು ನಾನು ಸಿದ್ಧನಿಲ್ಲ. ಕೌದಿ ಹೊದೆಯುವುದಕ್ಕೆ ಆಗಬೇಕು. ಅದರ ಹೊಲಿಗೆಯ ಸಾಲುಗಳು ಪದರಗಳನ್ನು ಹಿಡಿದಿಡಬೇಕು, ತುಂಡುಗಳು ಒಂದಕ್ಕೊಂದು ಹೊಂದಿಕೊಂಡು ಇಡಿಯಾದ ಬಟ್ಟೆಯಾಗಬೇಕು. ಕೊಲಾಜ್‌ಗೆ ಆ ಹೊಣೆಯಿಲ್ಲ. ಅಲ್ಲಿ ತುಂಡುಗಳು ಹೊಂದಿಕೊಳ್ಳದೆ ಜಗಳವಾಡಿದರೂ ನಡೆಯುತ್ತದೆ, ಕೆಲವೊಮ್ಮೆ ಜಗಳವೇ ಬೇಕಾಗಿರುತ್ತದೆ. ಹೆಣ್ಣುಮಕ್ಕಳ ಕೈಗೆಲಸದಿಂದ ಕೊಲಾಜ್‌ಗೆ ದಾರಿ ಮಾಡಿಕೊಂಡವರು ಬರ್ಲಿನ್‌ನ ಹನ್ನಾ ಹೋಕ್. ಅವರು 1916ರಿಂದ ಸುಮಾರು ಹತ್ತು ವರ್ಷ ದೊಡ್ಡ ಪ್ರಕಾಶನ ಸಂಸ್ಥೆಯೊಂದರಲ್ಲಿ ಕಸೂತಿ, ಲೇಸುಗಳ ವಿನ್ಯಾಸ ಬರೆಯುವ ಕೆಲಸದಲ್ಲಿದ್ದರು. ಅದೇ ಸಂಸ್ಥೆಯ ಸಚಿತ್ರ ಪತ್ರಿಕೆಗಳ ಚಿತ್ರಗಳನ್ನೂ ಹೊಲಿಗೆಯ ಅಳತೆ ಕಾಗದಗಳನ್ನೂ ಕತ್ತರಿಸಿ ತಮ್ಮ ಕೃತಿಗಳಿಗೆ ಬಳಸಿಕೊಂಡರು. ತಮ್ಮ ಅಜ್ಜಿಯ ಕೌದಿಯನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಹೊಲಿದು ಮಿಕ್ಕ ಚೂರುಗಳ ಗಂಟು ಮನೆಯಲ್ಲಿದ್ದರೆ ಅದರಿಂದ ಆರಂಭಿಸಿ.

ಪ್ರಶ್ನೆ: ಹಳೆಯ ಕ್ಯಾಲೆಂಡರ್‌ಗಳ ದೇವರ ಚಿತ್ರಗಳನ್ನು ಕತ್ತರಿಸಿ ಬಳಸುವುದು ಸರಿಯೆ? ಮನೆಯಲ್ಲಿ ಹಿರಿಯರು ಬೇಡವೆನ್ನುತ್ತಾರೆ.
(ಓದುಗರು, ಹೊಳಲ್ಕೆರೆ)

ಉತ್ತರ: ಬರೋಡದಲ್ಲಿ ನೆಲೆಸಿದ್ದ ಭೂಪೇನ್ ಖಖ್ಖರ್ 1960ರ ದಶಕದ ನಡುವಿನಲ್ಲಿ ತಮ್ಮ ಮೊದಲ ಕೃತಿಗಳನ್ನು ಮಾಡಿದ್ದು ಬಜಾರಿನಲ್ಲಿ ಸಿಗುವ ದೇವರ ಪಟಗಳನ್ನು ಕತ್ತರಿಸಿ ಅಂಟಿಸಿಯೇ. ಆದ್ದರಿಂದ ನಮ್ಮ ಕಲೆಯಲ್ಲಿ ಇದಕ್ಕೆ ಹಿಂದಿನ ಉದಾಹರಣೆಯಿದೆ. ಆದರೆ ಹಿರಿಯರ ಮಾತನ್ನೂ ನಾನು ಹಗುರವಾಗಿ ಕಾಣಲಾರೆ. ನಮ್ಮ ಊರುಗಳಲ್ಲಿ ಗಾಜು ಒಡೆದ ದೇವರ ಪಟವನ್ನು ಯಾರೂ ಕಸಕ್ಕೆ ಹಾಕುವುದಿಲ್ಲ, ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ಆ ಪಟ ಕಾಗದವಾಗಿಯಷ್ಟೇ ಉಳಿದಿಲ್ಲವೆಂದು ಒಪ್ಪಿಕೊಂಡಿರುವ ನಡವಳಿಕೆ ಅದು. ಅಂಥ ವಸ್ತುವನ್ನು ಬಣ್ಣ ಚೆನ್ನಾಗಿದೆ ಎಂಬ ಕಾರಣಕ್ಕೆ ಕತ್ತರಿಸಿದರೆ ಕೃತಿಯೂ ತೆಳುವಾಗುತ್ತದೆ, ಮನೆಯಲ್ಲಿ ಮನಸ್ತಾಪವೂ ಉಳಿಯುತ್ತದೆ. ಕ್ಯಾಲೆಂಡರ್‌ನ ಕೆಳಭಾಗದ ತಾರೀಕು ಪಟ್ಟಿಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಊರಿಗೆ ಹೋದ ದಿನಗಳನ್ನು ಗುರುತು ಹಾಕಿರುತ್ತಾರಲ್ಲ, ನನ್ನ ದೃಷ್ಟಿಗೆ ದೇವರ ಚಿತ್ರಕ್ಕಿಂತ ಅದೇ ಹೆಚ್ಚು ಸಮೃದ್ಧವಾದ ಸಾಮಗ್ರಿ, ಅದಕ್ಕೆ ಯಾರ ಅಡ್ಡಿಯೂ ಇರದು.

ಪ್ರಶ್ನೆ: ರದ್ದಾದ 500, 1000 ರೂಪಾಯಿ ನೋಟುಗಳು ಮನೆಯಲ್ಲಿವೆ. ಅವನ್ನು ಕೊಲಾಜ್‌ಗೆ ಬಳಸಬಹುದೆ?
(ವ್ಯಾಪಾರಿ, ಹರಿಹರ)

ಉತ್ತರ: 2016ರ ನವೆಂಬರ್ 8ರಂದು ರದ್ದುಗೊಳಿಸಿದ ನೋಟುಗಳ ಬಗ್ಗೆ 2017ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಅದರ ಪ್ರಕಾರ ಒಬ್ಬರ ಬಳಿ, ಯಾವ ಮುಖಬೆಲೆಯದಾದರೂ, ಒಟ್ಟು ಹತ್ತು ನೋಟುಗಳಿಗಿಂತ ಹೆಚ್ಚು ಇರಬಾರದು. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಸಂಗ್ರಹದ ಉದ್ದೇಶಕ್ಕಾದರೆ 25ರವರೆಗೆ ಇಟ್ಟುಕೊಳ್ಳಬಹುದು. ಚಿತ್ರಕಲೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಹತ್ತರ ಮಿತಿಯೊಳಗೆ ಇದ್ದುಕೊಂಡು ಕೆಲಸ ಮಾಡಿ, ಹೆಚ್ಚಿದ್ದರೆ ಮೊದಲು ವಕೀಲರನ್ನು ವಿಚಾರಿಸಿ. ಚಲಾವಣೆಯಲ್ಲಿರುವ ನೋಟುಗಳಿಗೆ ಮಾತ್ರ ಕತ್ತರಿ ತಾಗಿಸಬೇಡಿ.